ಗಲ್ಲಿಗೆ ಬಂದ ಬಿ ಫಾರಂ

ಬೆಳಗಾವಿ ಮಹಾನಗರ ಪಾಲಿಕೆಗೆ 2021ರಲ್ಲಿ ನಡೆದ ಚುನಾವಣೆ ಭಾಷಾ ಗುಂಪುಗಳ ಹಳೆಯ ಲೆಕ್ಕವನ್ನು ಅಳಿಸಿತು, ಪಕ್ಷಗಳ ಹೊಸ ಲೆಕ್ಕವನ್ನು ಬರೆಯಿತು. ಆ ಬದಲಾವಣೆ ನಗರಕ್ಕೆ ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು?

ಬೆಳಗಾವಿಯಲ್ಲಿ ಪಾಲಿಕೆಯ ಸದಸ್ಯನನ್ನು ಜನ ‘ನಗರಸೇವಕ’ ಎನ್ನುತ್ತಾರೆ. ಮನೆಯಲ್ಲಿ ಕನ್ನಡ ಆಡುವವರ ಬಾಯಲ್ಲೂ ಅದೇ ಮಾತು, ಮರಾಠಿ ಆಡುವವರ ಬಾಯಲ್ಲೂ ಅದೇ ಮಾತು. ಶಹಾಪುರ, ವಡಗಾವಿ, ಅನಗೋಳ, ಖಡೇಬಜಾರಿನ ಗಲ್ಲಿಗಳಲ್ಲಿ ನಗರಸೇವಕನಾಗಬೇಕೆಂದರೆ ಮೊದಲು ಗಲ್ಲಿಯ ಪಂಚರಲ್ಲಿ ಒಬ್ಬನಾಗಿರಬೇಕಿತ್ತು. ಗಣೇಶೋತ್ಸವ ಮಂಡಳದಲ್ಲಿ ನಾಲ್ಕು ವರ್ಷ ದುಡಿದಿರಬೇಕಿತ್ತು. ಸಾವಿನ ಮನೆಗೂ ಮದುವೆಯ ಮನೆಗೂ ಮೊದಲು ಹೋಗುವವನೆಂದು ಹೆಸರಾಗಿರಬೇಕಿತ್ತು. ಚುನಾವಣೆ ಬಂದಾಗ ಅವನಿಗೆ ಸಿಗುತ್ತಿದ್ದುದು ಪಕ್ಷೇತರರ ಪಟ್ಟಿಯಲ್ಲಿರುವ ಯಾವುದೋ ಒಂದು ಚಿಹ್ನೆ. ಆ ಚಿಹ್ನೆಗೆ ಹೆಚ್ಚಿನ ಬೆಲೆ ಇರಲಿಲ್ಲ. ಮತದಾರ ನೋಡುತ್ತಿದ್ದುದು ಹೆಸರನ್ನು ಮತ್ತು ಅಡ್ಡಹೆಸರನ್ನು. ಇವನು ನಮ್ಮ ಭಾಷೆಯವನೋ ಅಲ್ಲವೋ ಎಂಬುದು ಅಷ್ಟರಲ್ಲೇ ತಿಳಿದುಬಿಡುತ್ತಿತ್ತು.

2021ರ ಸೆಪ್ಟೆಂಬರ್ 3ರಂದು ಇದು ಬದಲಾಯಿತು. ಅಂದು ಬೆಳಗಾವಿಯ 58 ವಾರ್ಡ್‌ಗಳಿಗೆ ಮತದಾನ. ಕಮಲ, ಕೈ ಮೊದಲಾದ ಚಿಹ್ನೆಗಳು ಪಾಲಿಕೆಯ ಚುನಾವಣೆಯಲ್ಲಿ ಮೊದಲ ಬಾರಿಗೆ ಪೂರ್ಣ ಪ್ರಮಾಣದಲ್ಲಿ ಕಣಕ್ಕಿಳಿದಿದ್ದವು. ಮತಗಟ್ಟೆಗೆ ಬಂದದ್ದು ಸುಮಾರು ಅರ್ಧದಷ್ಟು ಮತದಾರರು. ಮೂರು ದಿನಗಳ ನಂತರ ಎಣಿಕೆ ಮುಗಿದಾಗ ಬಿಜೆಪಿಗೆ 35, ಕಾಂಗ್ರೆಸ್‌ಗೆ 10, ಪಕ್ಷೇತರರಿಗೆ 10, ಎಐಎಂಐಎಂಗೆ 1 ಸ್ಥಾನ ಸಿಕ್ಕಿತ್ತು. ದಶಕಗಳ ಕಾಲ ಪಾಲಿಕೆಯನ್ನು ತನ್ನ ಕೋಟೆ ಎಂದುಕೊಂಡಿದ್ದ ಮಹಾರಾಷ್ಟ್ರ ಏಕೀಕರಣ ಸಮಿತಿಗೆ, ಊರಿನವರ ಮಾತಿನ ‘ಎಂಇಎಸ್‌’ಗೆ, ದಕ್ಕಿದ್ದು ಎರಡೇ ಎರಡು. ನಾಲ್ಕು ದಿನ ಕಳೆದರೆ ಗಣೇಶ ಚೌತಿ. ಕೋವಿಡ್ ನಿರ್ಬಂಧಗಳ ನಡುವೆ ಗಲ್ಲಿಗಲ್ಲಿಯಲ್ಲಿ ಮಂಟಪ ಎದ್ದಿತು. ಎದುರು ನಿಂತು ಆರತಿ ಹಿಡಿದ ಹೊಸ ನಗರಸೇವಕರಲ್ಲಿ ಹೆಚ್ಚಿನವರು ಈ ಸಲ ಪಕ್ಷವೊಂದರ ಬಿ ಫಾರಂ ಪಡೆದು ಗೆದ್ದವರಾಗಿದ್ದರು.

ಒಂದು ನಗರದ ರಾಜಕೀಯ ಒಂದೇ ಎಣಿಕೆಯ ದಿನದಲ್ಲಿ ಹೀಗೆ ಹೊರಳುವುದು ಅಪರೂಪ. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ‘ನಾಡವಿರೋಧಿಗಳಿಗೆ ಸೋಲು’ ಎಂಬ ಒಂದು ಸಾಲಿನ ಸುದ್ದಿಯಾಗಿ ಕಂಡಿತು. ಮುಂಬೈಯಲ್ಲಿ ಕುಳಿತವರಿಗೆ ಮರಾಠಿ ಮನುಷ್ಯನಿಗಾದ ನೋವಾಗಿ ಕಂಡಿತು. ಬೆಳಗಾವಿಯಲ್ಲಿ ಬದುಕುವವರಿಗೆ ಎರಡೂ ಸಾಲದು.

ಸಭಾಗೃಹವೇ ಗಡಿಯಾದ ಕಥೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಚಂದಗಡ ತಾಲ್ಲೂಕು ಮಾತ್ರ ಆಚೆ ಉಳಿಯಿತು. ನಗರದಲ್ಲಿ ಮರಾಠಿ ಮಾತನಾಡುವವರು ದೊಡ್ಡ ಸಂಖ್ಯೆಯಲ್ಲಿದ್ದರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಬೇಡಿಕೆಯ ಸುತ್ತ ಸಮಿತಿ ಬೆಳೆಯಿತು. 1966ರ ಅಕ್ಟೋಬರ್‌ನಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ನಗರ ಈಗಿರುವ ರಾಜ್ಯದಲ್ಲೇ ಇರಲಿ, ಗಡಿಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ, 247 ಹಳ್ಳಿಗಳು ಈಚೆಗೆ ಬರಲಿ ಎಂದಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಇಂಥ ದೊಡ್ಡ ಬೇಡಿಕೆಗೆ ಒಂದು ವೇದಿಕೆ ಬೇಕು. ಬೆಂಗಳೂರಿನ ವಿಧಾನಸಭೆಯಲ್ಲಿ ಸಮಿತಿಯ ಶಾಸಕರು ಬೆರಳೆಣಿಕೆಯಷ್ಟು, ದೆಹಲಿ ದೂರ. ಕೈಗೆ ಹತ್ತಿರವಿದ್ದುದು ಪಾಲಿಕೆ ಒಂದೇ. ಹೀಗಾಗಿ ನಲ್ಲಿ ನೀರು, ಕಸ, ಬೀದಿ ದೀಪದ ಚರ್ಚೆ ನಡೆಯಬೇಕಾದ ಸಭಾಗೃಹ ಎರಡು ರಾಜ್ಯಗಳ ಗಡಿಯಾಗಿ ಮಾರ್ಪಟ್ಟಿತು. ಮೇಯರ್ ಗಾದಿಯ ಮೇಲೆ ಯಾರು ಕುಳಿತರು ಎನ್ನುವುದರಿಂದ ಈ ಊರು ಯಾರದು ಎಂದು ತೀರ್ಮಾನವಾಗುತ್ತದೆ ಎಂಬ ಭಾವನೆ ಎರಡೂ ಕಡೆ ಬೇರೂರಿತು. 1990ರ ದಶಕದ ಆರಂಭದಲ್ಲಿ ಸಿದ್ದನಗೌಡ ಪಾಟೀಲರು ಪಾಲಿಕೆಯ ಮೊದಲ ಕನ್ನಡಿಗ ಮೇಯರ್ ಆದಾಗ ಅದು ನಾಡಿನಾದ್ಯಂತ ಸಂಭ್ರಮದ ಸುದ್ದಿಯಾದದ್ದು ಇದೇ ಕಾರಣಕ್ಕೆ.

ಪಾಲಿಕೆಯೊಳಗೆ ಎರಡು ಗುಂಪು. ಒಂದು ‘ಮರಾಠಿ ಗುಂಪು’, ಇನ್ನೊಂದು ‘ಕನ್ನಡ–ಉರ್ದು ಗುಂಪು’. ಕಾಂಗ್ರೆಸ್ಸಿನವರೂ ಬಿಜೆಪಿಯವರೂ ಜನತಾದಳದವರೂ ಈ ಎರಡರಲ್ಲಿ ತಮ್ಮ ತಮ್ಮ ಭಾಷೆಯ ಕಡೆಗೆ ಸೇರಿಕೊಳ್ಳುತ್ತಿದ್ದರು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಈ ಊರಿನಲ್ಲಿ. ಆಗ ತೋಡಿದ ಬಾವಿಯನ್ನು ಜನ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ. ಅಂಥ ಊರಿನ ವಾರ್ಡ್ ಚುನಾವಣೆಯಲ್ಲಿ ರಾಷ್ಟ್ರೀಯ ಪಕ್ಷಗಳು ತಮ್ಮ ಹೆಸರು ಹೇಳಿ ಮತ ಕೇಳಲು ಹಿಂಜರಿದದ್ದು ಭಾಷೆಯ ಗೆರೆ ಎಷ್ಟು ಆಳವಾಗಿತ್ತೆಂಬುದಕ್ಕೆ ಸಾಕ್ಷಿ. ಚಿಹ್ನೆ ಕೊಟ್ಟರೆ ಕಾರ್ಯಕರ್ತರೇ ಭಾಷೆಯ ಮೇಲೆ ಒಡೆದುಹೋಗುತ್ತಾರೆ, ಮುಂದಿನ ವಿಧಾನಸಭಾ ಚುನಾವಣೆಗೆ ಅದರ ಏಟು ಬೀಳುತ್ತದೆ ಎಂಬ ಅಂಜಿಕೆ ಎಲ್ಲ ಪಕ್ಷಗಳಿಗೂ ಇತ್ತು.

ಆ ಕಾಲದ ಎರಡು ಘಟನೆಗಳು ನಗರದ ನೆನಪಿನಲ್ಲಿ ಗಾಯವಾಗಿ ಉಳಿದಿವೆ. 2005ರಲ್ಲಿ ಪಾಲಿಕೆ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ರಾಜ್ಯದಲ್ಲಿ ಆಕ್ರೋಶ ಎದ್ದಿತು, ಬೆಂಗಳೂರಿಗೆ ಬಂದಿದ್ದ ಮೇಯರ್ ಮುಖಕ್ಕೆ ಮಸಿ ಬಳಿಯಲಾಯಿತು, ನವೆಂಬರ್‌ನಲ್ಲಿ ಸರ್ಕಾರ ಪಾಲಿಕೆಯನ್ನು ಸೂಪರ್‌ಸೀಡ್ ಮಾಡಿತು. 2011ರಲ್ಲಿ ರಾಜ್ಯೋತ್ಸವದ ದಿನ ಸಮಿತಿ ನಡೆಸುವ ‘ಕರಾಳ ದಿನ’ದ ಮೆರವಣಿಗೆಯಲ್ಲಿ ಮೇಯರ್ ಮತ್ತು ಉಪಮೇಯರ್ ಪಾಲ್ಗೊಂಡರೆಂಬ ಕಾರಣಕ್ಕೆ ಪಾಲಿಕೆ ಮತ್ತೆ ಸೂಪರ್‌ಸೀಡ್ ಆಯಿತು. ನಾಡಿನ ನೆಲದ ಮೇಲೆ ಆಯ್ಕೆಯಾದ ಸಭೆ ನಾಡನ್ನೇ ತಿರಸ್ಕರಿಸುವುದು ತಪ್ಪು. ಜನ ಆರಿಸಿದ ಮೇಯರ್ ಮುಖಕ್ಕೆ ಮಸಿ ಬಳಿಯುವುದೂ ತಪ್ಪು. ಎರಡು ತಪ್ಪುಗಳ ನಡುವೆ ಸಿಕ್ಕಿಕೊಂಡದ್ದು ನೀರಿಗೆ, ರಸ್ತೆಗೆ ಯಾರನ್ನು ಕೇಳಬೇಕೆಂದು ತಿಳಿಯದ ನಾಗರಿಕ.

ಮೇಯರ್ ಗಾದಿಯ ಗಣಿತ

ಬೆಂಗಳೂರನ್ನು ಬಿಟ್ಟರೆ ನಮ್ಮ ರಾಜ್ಯದ ಮಹಾನಗರ ಪಾಲಿಕೆಗಳಲ್ಲಿ ಮೇಯರ್ ಅವಧಿ ಒಂದೇ ವರ್ಷ. ಆ ಹುದ್ದೆ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರದಿಯ ಪ್ರಕಾರ ರಾಜ್ಯ ಸರ್ಕಾರ ಪ್ರಕಟಿಸುತ್ತದೆ. ಮತ ಹಾಕುವವರು ಸದಸ್ಯರಷ್ಟೇ ಅಲ್ಲ, ನಗರಕ್ಕೆ ಸಂಬಂಧಿಸಿದ ಶಾಸಕರು, ಸಂಸದರೂ ಹಾಕುತ್ತಾರೆ. ಹೀಗಾಗಿ ವಾರ್ಡ್‌ಗಳಲ್ಲಿ ಬಹುಮತ ಬಂದರೂ ಗಾದಿ ಸಿಗಲೇಬೇಕೆಂದಿಲ್ಲ.

ಇದಕ್ಕೆ 2018ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. 2013ರ ಚುನಾವಣೆಯಲ್ಲಿ 58ರಲ್ಲಿ 30ಕ್ಕೂ ಹೆಚ್ಚು ಸ್ಥಾನ ಗೆದ್ದಿದ್ದ ಮರಾಠಿ ಗುಂಪು ವರ್ಷದಿಂದ ವರ್ಷಕ್ಕೆ ಮೇಯರ್ ಹುದ್ದೆಯನ್ನು ಹಿಡಿದುಕೊಂಡು ಬಂದಿತ್ತು. ಕೊನೆಯ ವರ್ಷಕ್ಕೆ ಮೀಸಲಾತಿ ಪರಿಶಿಷ್ಟ ಪಂಗಡದ ಪಾಲಾಯಿತು. ಮರಾಠಿ ಗುಂಪಿನಲ್ಲಿ ಆ ವರ್ಗದ ಸದಸ್ಯರೇ ಇರಲಿಲ್ಲ. ಬಹುಮತ ಕೈಯಲ್ಲಿದ್ದರೂ ಅಭ್ಯರ್ಥಿ ಇಲ್ಲ. ಕನ್ನಡ–ಉರ್ದು ಗುಂಪಿನ ಬಸಪ್ಪ ಚಿಕ್ಕಲದಿನ್ನಿ ಮೇಯರ್ ಆದರು. ಭಾಷೆಯ ಗೋಡೆಯನ್ನು ಸಾಮಾಜಿಕ ನ್ಯಾಯದ ಒಂದು ನಿಯಮ ದಾಟಿಸಿತು. ಇದಕ್ಕೆ ‘ಅದೃಷ್ಟ’ ಎಂದವರುಂಟು. ಅದಕ್ಕಿಂತ ಮಿಗಿಲಾದ ಪಾಠ ಇಲ್ಲಿದೆ: ಭಾಷೆಯ ಹೆಸರಿನಲ್ಲಿ ಕಟ್ಟಿದ ಗುಂಪು ತನ್ನೊಳಗೆ ಎಲ್ಲ ಜಾತಿ, ವರ್ಗಗಳಿಗೆ ಜಾಗ ಮಾಡಿಕೊಳ್ಳದಿದ್ದರೆ ಅದರ ಬಹುಮತಕ್ಕೂ ಒಂದು ಮಿತಿಯಿದೆ.

ಇನ್ನೊಂದು ದೌರ್ಬಲ್ಯವೂ ಆ ವ್ಯವಸ್ಥೆಯಲ್ಲಿತ್ತು. ಪಕ್ಷೇತರರಾಗಿ ಗೆದ್ದವರನ್ನು ಕಟ್ಟಿಹಾಕುವ ಹಗ್ಗ ಯಾವ ಗುಂಪಿನ ಕೈಯಲ್ಲೂ ಇರಲಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಅನ್ವಯಿಸುವ ಪಕ್ಷಾಂತರ ನಿಷೇಧ ಕಾಯ್ದೆ ಕರ್ನಾಟಕದಲ್ಲಿ 1987ರಿಂದ ಇದೆ. ಆದರೆ ವಿಪ್ ಕೊಡಬೇಕಾದರೆ ಪಕ್ಷ ಇರಬೇಕು, ಗುಂಪು ಸಾಲದು. ಹಾಗಾಗಿ ಮೇಯರ್ ಚುನಾವಣೆ ಬಂದರೆ ಪ್ರತಿ ವರ್ಷ ಯಾರು ಯಾರ ಕಡೆ ಹಾರುತ್ತಾರೆಂಬ ಲೆಕ್ಕ. ಸಮಿತಿಯೊಳಗಿನ ಬಣಗಳು ಒಂದನ್ನೊಂದು ಸೋಲಿಸಲು ಎದುರು ಗುಂಪಿಗೆ ನೆರವಾದದ್ದೂ ಉಂಟು.

ನಾಲ್ಕು ತಿಂಗಳ ಅಂತರ

ಸಮಿತಿ ಒಂದೇ ದಿನದಲ್ಲಿ ಕುಸಿಯಲಿಲ್ಲ. 2008ರ ವಿಧಾನಸಭಾ ಚುನಾವಣೆಯಲ್ಲಿ ಅದಕ್ಕೆ ಒಂದು ಸ್ಥಾನವೂ ಬರಲಿಲ್ಲ. 2013ರಲ್ಲಿ ಎರಡು ಬಂದವು, 2018ರಲ್ಲಿ ಮತ್ತೆ ಸೊನ್ನೆ. ಆ ವರ್ಷ ನಗರದ ಎರಡೂ ಕ್ಷೇತ್ರಗಳು ಬಿಜೆಪಿಗೆ ಹೋದವು. ಆದರೂ ‘ವಿಧಾನಸಭೆ ಬೇರೆ, ಪಾಲಿಕೆ ಬೇರೆ’ ಎಂಬ ನಂಬಿಕೆ ಗಟ್ಟಿಯಾಗಿತ್ತು.

2021ರ ಏಪ್ರಿಲ್‌ನಲ್ಲಿ ಆ ನಂಬಿಕೆಗೆ ಇನ್ನಷ್ಟು ಬಲ ಬಂದಂತೆ ಕಂಡಿತು. ಕೋವಿಡ್‌ನಿಂದ ತೀರಿಕೊಂಡ ಸುರೇಶ ಅಂಗಡಿಯವರಿಂದ ತೆರವಾದ ಲೋಕಸಭಾ ಸ್ಥಾನಕ್ಕೆ ಉಪಚುನಾವಣೆ ನಡೆಯಿತು. ಬಿಜೆಪಿಯಿಂದ ನಿಂತ ಅವರ ಪತ್ನಿ ಮಂಗಲಾ ಅಂಗಡಿಯವರು ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿಯವರ ಎದುರು ಸುಮಾರು ಐದು ಸಾವಿರ ಮತಗಳಿಂದಷ್ಟೇ ಗೆದ್ದರು. ಸಮಿತಿಯ ಬೆಂಬಲದ ಯುವ ಅಭ್ಯರ್ಥಿ ಶುಭಂ ಶೆಳಕೆ 1 ಲಕ್ಷ 17 ಸಾವಿರದಷ್ಟು ಮತ ಪಡೆದು ಎಲ್ಲರನ್ನೂ ಬೆರಗುಗೊಳಿಸಿದರು. ಅದಕ್ಕೂ ಕೆಲವೇ ತಿಂಗಳ ಹಿಂದೆ, 2020ರ ಡಿಸೆಂಬರ್‌ನಲ್ಲಿ, ಪಾಲಿಕೆ ಕಚೇರಿಯ ಎದುರು ಕನ್ನಡ ಹೋರಾಟಗಾರರು ಹಳದಿ ಕೆಂಪು ಧ್ವಜ ನೆಟ್ಟಿದ್ದರು; ಅದನ್ನು ತೆಗೆಸಬೇಕೆಂದು ಸಮಿತಿ ಪಟ್ಟು ಹಿಡಿದಿತ್ತು. ಮರಾಠಿ ಮತ ಒಂದಾಗುತ್ತಿದೆ ಎಂದು ಲೆಕ್ಕ ಹಾಕಿದವರು ಪಾಲಿಕೆಯಲ್ಲಿ ಸಮಿತಿ ಮರಳುತ್ತದೆ ಎಂದರು. ನಾಲ್ಕೂವರೆ ತಿಂಗಳಲ್ಲಿ ಆ ಲೆಕ್ಕ ತಲೆಕೆಳಗಾಯಿತು.

ಕಾರಣ ಹಲವು. ಲೋಕಸಭೆಯ ಮತ ಬೇಸರವನ್ನು ತೋರಿಸುವ ಮತ; ಅಲ್ಲಿ ಅಭ್ಯರ್ಥಿ ಒಬ್ಬನೇ, ಸಂದೇಶವೂ ಒಂದೇ. ವಾರ್ಡ್‌ಗೆ ಬಂದಾಗ ಸಮಿತಿಯ ಹೆಸರು ಹೇಳುವವರು ಒಬ್ಬರಿಗಿಂತ ಹೆಚ್ಚಾದರು. ಅಧಿಕೃತ ಅಭ್ಯರ್ಥಿ ಯಾರು, ಬಂಡಾಯದವನು ಯಾರು ಎಂಬ ಗೊಂದಲದಲ್ಲಿ ಮತ ಹಂಚಿಹೋಯಿತು. ವಾರ್ಡ್‌ಗಳ ಗಡಿ ಹೊಸದಾಗಿ ಗುರುತಾಗಿದ್ದರಿಂದ ಹಳೆಯ ಗಲ್ಲಿಯ ಲೆಕ್ಕಗಳೂ ಕದಡಿದ್ದವು.

ಇದಕ್ಕಿಂತ ದೊಡ್ಡ ಕಾರಣ ಬಿಜೆಪಿಯ ಟಿಕೆಟ್ ಹಂಚಿಕೆ. ಪಕ್ಷ ಕನ್ನಡಿಗರಿಗೂ ಮರಾಠಿಗರಿಗೂ ಬಿ ಫಾರಂ ಕೊಟ್ಟಿತು. ಗಲ್ಲಿಯ ಪಂಚ, ಮಂಡಳದ ತರುಣ, ಹಳದಿ ಕುಂಕುಮದ ಕಾರ್ಯಕ್ರಮಗಳಲ್ಲಿ ಮುಂದೆ ನಿಲ್ಲುವ ಮಹಿಳೆ, ಹೀಗೆ ಹಿಂದೆ ಸಮಿತಿಯ ಬೆನ್ನೆಲುಬಾಗಿದ್ದ ಸಮುದಾಯದವರನ್ನೇ ಅದು ಹುಡುಕಿ ತಂದಿತು. ಅರ್ಧದಷ್ಟು ವಾರ್ಡ್‌ಗಳು ಮಹಿಳೆಯರಿಗೆ ಮೀಸಲಾಗಿದ್ದುದು ಹೊಸ ಮುಖಗಳಿಗೆ ದಾರಿ ಮಾಡಿತು. ಮರಾಠಿ ಮನೆಯ ತರುಣನ ಮುಂದೆ ಈಗ ಎರಡು ಗುರುತುಗಳಿದ್ದವು: ಮರಾಠಿಗ, ಹಿಂದೂ. ಅಜ್ಜನಿಗೆ ಮೊದಲನೆಯದು ಬದುಕಿನ ಹೋರಾಟವಾಗಿತ್ತು. ಮೊಮ್ಮಗ ಹುಟ್ಟಿದ್ದು ಕರ್ನಾಟಕದಲ್ಲಿ, ಓದಿದ್ದು ಇಲ್ಲಿ, ಕೆಲಸ ಹುಡುಕಿದ್ದು ಬೆಂಗಳೂರಿನಲ್ಲೋ ಪುಣೆಯಲ್ಲೋ. ಅವನಿಗೆ ಎರಡನೆಯ ಗುರುತು ಹತ್ತಿರದ್ದೆನಿಸಿತು. ಸುಪ್ರೀಂ ಕೋರ್ಟಿನಲ್ಲಿ ವರ್ಷಗಳಿಂದ ಕುಳಿತ ದಾವೆಗೆ ವಾರ್ಡಿನ ಮತ ಏನೂ ಮಾಡಲಾರದು ಎಂಬುದೂ ಅವನಿಗೆ ಗೊತ್ತಿತ್ತು.

ಕಳೆದುಹೋದ ಇನ್ನೊಂದು ಗುಂಪು

ಫಲಿತಾಂಶ ಬಂದಾಗ ಎಲ್ಲರೂ ಸಮಿತಿಯ ಸೋಲನ್ನು ಮಾತನಾಡಿದರು. ಅದೇ ದಿನ ಇನ್ನೊಂದು ಗುಂಪೂ ಮುಗಿದುಹೋದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ. ಅದು ಕನ್ನಡ–ಉರ್ದು ಗುಂಪು.

ಮರಾಠಿ ಗುಂಪನ್ನು ಎದುರಿಸಬೇಕೆಂಬ ಒಂದೇ ಅಗತ್ಯಕ್ಕೆ ಹುಟ್ಟಿದ್ದರೂ ಈ ಗುಂಪು ಅಪರೂಪದ್ದಾಗಿತ್ತು. ಲಿಂಗಾಯತ, ಕುರುಬ, ಬೇಡ, ದಲಿತ ಸದಸ್ಯರು ಉರ್ದು ಮಾತನಾಡುವ ಮುಸ್ಲಿಂ ಸದಸ್ಯರೊಂದಿಗೆ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಅಭ್ಯರ್ಥಿಗೆ ಕೈಯೆತ್ತುತ್ತಿದ್ದರು. ಕನ್ನಡದ ಮೇಯರ್ ಆಗಲು ಉರ್ದುವಿನ ಮತ ಬೇಕಿತ್ತು. ಉರ್ದು ಮೊಹಲ್ಲಾದ ಕೆಲಸ ಆಗಲು ಕನ್ನಡದ ನೆರವು ಬೇಕಿತ್ತು. ಪಕ್ಷದ ಚಿಹ್ನೆ ಬಂದೊಡನೆ ಆ ಅಗತ್ಯ ಕರಗಿತು. ಕನ್ನಡದ ಮತ್ತು ಮರಾಠಿಯ ಹಿಂದೂ ಸದಸ್ಯರಲ್ಲಿ ದೊಡ್ಡ ಪಾಲು ಕಮಲದ ಕೆಳಗೆ ಒಂದಾಯಿತು. ಮುಸ್ಲಿಂ ಸದಸ್ಯರು ಕಾಂಗ್ರೆಸ್, ಪಕ್ಷೇತರ ಮತ್ತು ಎಐಎಂಐಎಂ ನಡುವೆ ಹಂಚಿಹೋದರು.

ನಗರ ಭಾಷೆಯ ಜಗಳದಿಂದ ಬಿಡುಗಡೆ ಪಡೆದದ್ದು ನಿಜ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಕನ್ನಡ ಮತ್ತು ಮರಾಠಿ ಮಾತನಾಡುವವರು ಒಂದೇ ಪಕ್ಷದ ಸಭೆಯಲ್ಲಿ ಕುಳಿತು ವಾರ್ಡಿನ ಮಾತಾಡುವುದು ಈ ಊರಿನ ಹಿರಿಯರು ಕಂಡ ಒಳ್ಳೆಯ ಕನಸೇ ಸರಿ. ಆದರೆ ಒಂದು ಗೆರೆ ಅಳಿಸಿದ ಜಾಗದಲ್ಲಿ ಧರ್ಮದ ಗೆರೆ ಮೂಡಿದರೆ ನಗರ ಗೆದ್ದಂತಾಗುವುದಿಲ್ಲ. ಹಳೆಯ ಸಭಾಗೃಹದಲ್ಲಿ ಅಲ್ಪಸಂಖ್ಯಾತ ಸದಸ್ಯನ ಮತಕ್ಕೆ ಬೆಲೆಯಿತ್ತು, ಯಾಕೆಂದರೆ ಅದಿಲ್ಲದೆ ಬಹುಮತ ಆಗುತ್ತಿರಲಿಲ್ಲ. 58ರಲ್ಲಿ 35 ಒಂದೇ ಕಡೆ ಇರುವ ಸಭೆಯಲ್ಲಿ ಆ ಬೆಲೆಯನ್ನು ಉಳಿಸಿಕೊಡುವ ಹೊಣೆ ಬಹುಮತದವರ ಮೇಲೆಯೇ ಬೀಳುತ್ತದೆ.

ಪಕ್ಷಗಳೊಳಗೆ ಆದ ಪಲ್ಲಟ

ಬಿ ಫಾರಂ ಬಂದ ಮೇಲೆ ನಗರಸೇವಕನ ನಿಷ್ಠೆ ಯಾರಿಗೆ ಎಂಬ ಪ್ರಶ್ನೆಯ ಉತ್ತರ ಬದಲಾಯಿತು. ಹಿಂದೆ ಅವನನ್ನು ನಿಲ್ಲಿಸುತ್ತಿದ್ದುದು ಗಲ್ಲಿ. ಬೇಡವೆನಿಸಿದರೆ ಇಳಿಸುತ್ತಿದ್ದುದೂ ಗಲ್ಲಿಯೇ. ಈಗ ಟಿಕೆಟ್ ಶಾಸಕರ ಮಾತಿನ ಮೇಲೆ ನಿಂತಿದೆ. ಬಿಜೆಪಿಯ ಬೆಳಗಾವಿ ದಕ್ಷಿಣದ ಶಾಸಕ ಅಭಯ ಪಾಟೀಲ, ಆಗ ಬೆಳಗಾವಿ ಉತ್ತರದ ಶಾಸಕರಾಗಿದ್ದ ಅನಿಲ ಬೆನಕೆ ಆ ಚುನಾವಣೆಯ ಮುಂಚೂಣಿಯಲ್ಲಿದ್ದರು. ಗೆದ್ದ ನಗರಸೇವಕರು ಸಹಜವಾಗಿಯೇ ಶಾಸಕರ ಮುಂದಿನ ಚುನಾವಣೆಯ ಬೂತ್ ಮಟ್ಟದ ಪಡೆಯಾದರು. ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು ಎಂಬ ಕಾಯ್ದೆಯ ಹಗ್ಗವೂ ಸೇರಿಕೊಂಡಿತು. ಮೇಯರ್ ಚುನಾವಣೆಯ ವಾರ್ಷಿಕ ಹಾರಾಟ ನಿಂತಿತು; ಅದರ ಜೊತೆಗೆ ಸಭೆಯಲ್ಲಿ ತನ್ನ ಪಕ್ಷದ ವಿರುದ್ಧವೇ ಎದ್ದುನಿಂತು ವಾರ್ಡಿನ ಪರ ಮಾತನಾಡುವ ಬಾಯಿಯೂ ಕಡಿಮೆಯಾಯಿತು.

ಕಾಂಗ್ರೆಸ್‌ಗೆ 10 ಸ್ಥಾನ ಸಿಕ್ಕಿದ್ದು ಅದಕ್ಕೊಂದು ಕನ್ನಡಿ. ಜಿಲ್ಲೆಯಲ್ಲಿ ಸತೀಶ ಜಾರಕಿಹೊಳಿ, ಲಕ್ಷ್ಮೀ ಹೆಬ್ಬಾಳಕರ ಅವರಂಥ ದೊಡ್ಡ ನಾಯಕರಿದ್ದಾರೆ, ಆದರೆ ಅವರ ಬಲ ಇರುವುದು ಗೋಕಾಕ, ಯಮಕನಮರಡಿ, ಗ್ರಾಮೀಣ ಕ್ಷೇತ್ರಗಳಲ್ಲಿ. ನಗರದ ಗಲ್ಲಿಯಲ್ಲಿ ಪಕ್ಷದ ಹೆಸರಿನಲ್ಲಿ ವರ್ಷವಿಡೀ ಓಡಾಡುವವರ ಕೊರತೆ ಎದ್ದು ಕಂಡಿತು. ಅದೇ ದಿನ ಮತದಾನ ನಡೆದ ಹುಬ್ಬಳ್ಳಿ–ಧಾರವಾಡದಲ್ಲಿ ಚಿತ್ರ ಬೇರೆ: 82ರಲ್ಲಿ ಬಿಜೆಪಿ 39, ಕಾಂಗ್ರೆಸ್ 33. ಕಲಬುರಗಿಯ 55ರಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4; ನಾಲ್ವರ ಕೈಯಲ್ಲಿ ಗಾದಿಯ ಕೀಲಿ. ಆ ಎರಡು ನಗರಗಳಲ್ಲಿ ಪಕ್ಷಗಳು ದಶಕಗಳಿಂದ ವಾರ್ಡ್‌ನಲ್ಲಿ ಬೇರು ಬಿಟ್ಟಿದ್ದವು. ಬೆಳಗಾವಿಯಲ್ಲಿ ಕಾಂಗ್ರೆಸ್ ಆ ಕೆಲಸವನ್ನು ಭಾಷಾ ಗುಂಪಿಗೆ ಒಪ್ಪಿಸಿ ಕುಳಿತಿತ್ತು.

ಹಾಗೆಂದು ಸಮಿತಿ ಸತ್ತಿತೆಂದು ಬರೆಯುವುದು ಅವಸರ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಳಗಾವಿ ದಕ್ಷಿಣದಲ್ಲಿ ಸಮಿತಿಯ ಅಭ್ಯರ್ಥಿ ರಮಾಕಾಂತ ಕೊಂಡೂಸ್ಕರ ಅಭಯ ಪಾಟೀಲರಿಗೆ ತೀವ್ರ ಪೈಪೋಟಿ ಕೊಟ್ಟು ಸುಮಾರು 12 ಸಾವಿರ ಮತಗಳಿಂದ ಸೋತರು. ಹಿಂದುತ್ವ ಸಂಘಟನೆಯ ಹಿನ್ನೆಲೆಯವರು ಸಮಿತಿಯ ಅಭ್ಯರ್ಥಿಯಾದದ್ದೇ ಎರಡು ಗುರುತುಗಳು ಹೇಗೆ ಬೆಸೆದುಕೊಂಡಿವೆ ಎಂಬುದನ್ನು ತೋರಿಸುತ್ತದೆ. ಉತ್ತರದಲ್ಲಿ ಬಿಜೆಪಿ ಅನಿಲ ಬೆನಕೆಯವರಿಗೆ ಟಿಕೆಟ್ ತಪ್ಪಿಸಿತು, ಕಾಂಗ್ರೆಸ್ಸಿನ ಆಸಿಫ್ ಸೇಠ್ ಗೆದ್ದರು. ಪಾಲಿಕೆಯಲ್ಲಿ 35 ಗೆದ್ದ ಪಕ್ಷ ಎರಡು ವರ್ಷ ತುಂಬುವ ಮೊದಲೇ ಅರ್ಧ ನಗರವನ್ನು ಕಳೆದುಕೊಂಡಿತು.

ಸಮಿತಿ ಸ್ಥಾನಗಳನ್ನು ಕಳೆದುಕೊಂಡರೂ ಅದರ ಭಾವನೆಗಳಿಗೆ ಬೇಡಿಕೆ ಹೆಚ್ಚಾಯಿತು. 2023ರ ಮಾರ್ಚ್‌ನಲ್ಲಿ ನಗರದ ಹೊರವಲಯದ ರಾಜಹಂಸಗಡ ಕೋಟೆಯಲ್ಲಿ ಛತ್ರಪತಿ ಶಿವಾಜಿ ಪ್ರತಿಮೆಯ ಅನಾವರಣ ಒಂದೇ ವಾರದಲ್ಲಿ ಎರಡು ಬಾರಿ ನಡೆಯಿತು. ಮೊದಲು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರಿಂದ, ಮೂರು ದಿನ ಬಿಟ್ಟು ಕಾಂಗ್ರೆಸ್ ನಾಯಕರಿಂದ. ಮರಾಠಾ ಮತ ಈಗ ಯಾರ ಜೇಬಿನಲ್ಲೂ ಇಲ್ಲ. ಎರಡೂ ರಾಷ್ಟ್ರೀಯ ಪಕ್ಷಗಳು ಅದರ ಬಾಗಿಲಲ್ಲಿ ನಿಂತಿವೆ.

ಗೆದ್ದವರು ಕುಳಿತದ್ದು ಹದಿನೇಳು ತಿಂಗಳ ನಂತರ

ಇಷ್ಟೆಲ್ಲ ಆದರೂ ಆ ಗೆದ್ದ 58 ಮಂದಿ ಕೂಡಲೇ ಅಧಿಕಾರ ಹಿಡಿಯಲಿಲ್ಲ. ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ; ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಅದನ್ನು ಒತ್ತಿ ಹೇಳಿದೆ. ಬೆಳಗಾವಿಯಲ್ಲಿ ಆಗಿದ್ದು ಎರಡೂವರೆ ವರ್ಷದ ಆಡಳಿತಾಧಿಕಾರಿ ಕಾಲ. ಚುನಾವಣೆಯ ನಂತರವೂ ಮೇಯರ್ ಆಯ್ಕೆಗೆ ದಿನ ಕೂಡಿಬಂದದ್ದು 2023ರ ಫೆಬ್ರುವರಿ 6ರಂದು. ಅಂದು ಶೋಭಾ ಸೋಮನಾಚೆ ಬಿಜೆಪಿಯ ಮೊದಲ ಮೇಯರ್ ಆದರು, ರೇಷ್ಮಾ ಪಾಟೀಲ ಉಪಮೇಯರ್. ಸಮಿತಿಯನ್ನು ಸೋಲಿಸಿದ ಪಕ್ಷದ ಮೊದಲ ಮೇಯರ್ ಮನೆಮಾತು ಮರಾಠಿ ಎಂಬುದನ್ನು ಯಾರೂ ದೊಡ್ಡ ವಿವಾದ ಮಾಡಲಿಲ್ಲ. ಹತ್ತು ವರ್ಷ ಹಿಂದೆ ಊಹಿಸಲಾಗದ ಮಾತು ಇದು. ಅಷ್ಟರ ಮಟ್ಟಿಗೆ ನಗರ ಬೆಳೆದಿದೆ.

ಆದರೆ ಲೆಕ್ಕ ಹಾಕಿ ನೋಡಿ. 2019ರ ಮಾರ್ಚ್‌ನಿಂದ 2023ರ ಫೆಬ್ರುವರಿವರೆಗೆ, ಹತ್ತಿರ ಹತ್ತಿರ ನಾಲ್ಕು ವರ್ಷ, ಈ ನಗರದಲ್ಲಿ ಕೆಲಸ ಮಾಡುವ ಚುನಾಯಿತ ಪಾಲಿಕೆಯೇ ಇರಲಿಲ್ಲ. 2019ರ ಆಗಸ್ಟ್‌ನ ಮಹಾಮಳೆಗೆ ತಗ್ಗು ಪ್ರದೇಶದ ಬಡಾವಣೆಗಳು ನೀರು ಕಂಡದ್ದು ಆ ಅವಧಿಯಲ್ಲಿ. ಬಳ್ಳಾರಿ ನಾಲಾ ಉಕ್ಕಿ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳನ್ನು ಮುಳುಗಿಸಿದಾಗ ರೈತನಿಗೆ ಬಾಗಿಲು ಬಡಿಯಲು ನಗರಸೇವಕನ ಮನೆ ಇರಲಿಲ್ಲ. ಕೋವಿಡ್‌ನ ಎರಡು ಅಲೆಗಳು ಬಂದುಹೋದದ್ದೂ ಆಗಲೇ. ಆಸ್ಪತ್ರೆಯ ಹಾಸಿಗೆ, ರೇಷನ್ನು, ಶವಸಂಸ್ಕಾರಕ್ಕೆ ಜನ ಪರದಾಡಿದ ಆ ದಿನಗಳಲ್ಲಿ ವಾರ್ಡಿಗೆ ಒಬ್ಬ ಹೊಣೆಗಾರ ಇರಬೇಕಾದದ್ದು ಎಷ್ಟು ಮುಖ್ಯ ಎಂಬುದು ಅವನಿಲ್ಲದಾಗ ತಿಳಿಯಿತು.

ಹಳೆಯ ಹಗ್ಗ, ಹೊಸ ಗಂಟು

2023ರ ಮೇನಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಪಾಲಿಕೆ ಬಿಜೆಪಿಯದಾಗಿ ಉಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ತಿ ತೆರಿಗೆ ಪರಿಷ್ಕರಣೆಯ ವಿಷಯವಾಗಿ ಪಾಲಿಕೆಯನ್ನು ಯಾಕೆ ಸೂಪರ್‌ಸೀಡ್ ಮಾಡಬಾರದೆಂದು ಕೇಳುವ ನೋಟಿಸ್ ಬಂತು. ಕಡತ, ಠರಾವಿನ ದಿನಾಂಕ, ಸಹಿಗಳ ಸುತ್ತ ಸಭೆಯಲ್ಲಿ ದೊಡ್ಡ ಗದ್ದಲವಾಯಿತು. ಶಾಸಕರು ಮತ್ತು ಸಚಿವರು ಎದುರುಬದುರಾದರು. 2005 ಮತ್ತು 2011ರಲ್ಲಿ ಗಡಿಯ ಕಾರಣಕ್ಕೆ ಕೇಳಿಬಂದ ‘ಸೂಪರ್‌ಸೀಡ್’ ಎಂಬ ಮಾತು ಈಗ ತೆರಿಗೆಯ ಕಾರಣಕ್ಕೆ ಕೇಳಿಬಂತು. ಕಾರಣ ಬೇರೆಯಾದರೂ ಕಾಯ್ದೆ ಅದೇ, ಅಧಿಕಾರ ಇರುವ ಜಾಗವೂ ಅದೇ ಬೆಂಗಳೂರು.

ನನಗೆ ಈ ಇಡೀ ಕಥೆಯ ತಿರುಳು ಕಾಣುವುದು ಇಲ್ಲಿ. ಭಾಷೆಯ ಗುಂಪು ಆಳಿದಾಗಲೂ ಪಕ್ಷ ಆಳಿದಾಗಲೂ ಪಾಲಿಕೆಯ ಕೈ ಖಾಲಿಯೇ ಇತ್ತು. ಸಂವಿಧಾನದ 12ನೇ ಪರಿಚ್ಛೇದ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ಹೊಣೆಗಳನ್ನು ಪಟ್ಟಿ ಮಾಡುತ್ತದೆ. ಬೆಳಗಾವಿಯಲ್ಲಿ ನಗರ ಯೋಜನೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿದೆ. ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ಬರುವ ನೀರಿನ 24 ಗಂಟೆ ಪೂರೈಕೆಯ ದೊಡ್ಡ ಯೋಜನೆ ರಾಜ್ಯ ಮಟ್ಟದ ಸಂಸ್ಥೆಗಳ ಮೂಲಕ ನಡೆಯುತ್ತದೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿ ಬಂದಾಗ ಅದರ ಕೆಲಸಕ್ಕೆ ಪ್ರತ್ಯೇಕ ಕಂಪನಿಯೇ ರಚನೆಯಾಯಿತು. ಆಯುಕ್ತರು ಬರುವುದು ಸರ್ಕಾರದ ಆದೇಶದಿಂದ. ಮೇಯರ್ ಅವಧಿ ಒಂದು ವರ್ಷ, ಅದರಲ್ಲಿ ಅರ್ಧ ಸನ್ಮಾನಗಳಿಗೇ ಸಾಲದು.

ಹಾಗಿದ್ದಾಗ ನಗರಸೇವಕನಿಗೆ ಉಳಿಯುವುದೇನು? ಹಿಂದೆ ಗಡಿಯ ಘೋಷಣೆ ಉಳಿಯುತ್ತಿತ್ತು. ಈಗ ಪಕ್ಷದ ಘೋಷಣೆ ಉಳಿಯುತ್ತದೆ. ಕೆಲಸ ಮಾಡುವ ಅಧಿಕಾರ ಇಲ್ಲದ ಸಭೆ ಸಂಕೇತಗಳ ಸಭೆಯಾಗುತ್ತದೆ. ಬೆಳಗಾವಿಯ ಪಾಲಿಕೆ ಇಷ್ಟು ವರ್ಷ ಭಾಷೆಯ ಕಣವಾದದ್ದಕ್ಕೆ ಊರಿನವರ ಹಠವಷ್ಟೇ ಕಾರಣವಲ್ಲ, ಆ ಸಭೆಗೆ ಮಾಡಲು ಗಂಭೀರವಾದ ಬೇರೆ ಕೆಲಸ ಕೊಡದಿದ್ದುದೂ ಕಾರಣ.

ಇದು ಬೆಳಗಾವಿಯೊಂದರ ಕೊರತೆಯೂ ಅಲ್ಲ. ರಾಜಧಾನಿ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ವಾರ್ಡ್ ಚುನಾವಣೆ ತಪ್ಪಿದರೆ ಪಕ್ಷಗಳಿಗೂ ನಷ್ಟ. ನಾಳೆಯ ಶಾಸಕಿ, ನಾಳೆಯ ಸಚಿವ ತರಬೇತಾಗುವುದು ಚರಂಡಿಯ ಜಗಳ ಬಿಡಿಸುತ್ತಾ. ಆ ಶಾಲೆ ಮುಚ್ಚಿದರೆ ಪಕ್ಷಕ್ಕೆ ಸಿಗುವುದು ನಾಯಕರ ಮಕ್ಕಳು ಮತ್ತು ಹಣವುಳ್ಳವರು ಮಾತ್ರ.

ಐದು ವರ್ಷದ ಅವಧಿ ಮೊದಲ ಸಭೆಯ ದಿನದಿಂದ ಎಣಿಕೆಯಾಗುತ್ತದೆ ಎಂದು ಸಂವಿಧಾನ ಹೇಳುವುದರಿಂದ ಬೆಳಗಾವಿಯ ಈ ಸಭೆಯ ಕಾಲ 2028ರ ಆರಂಭದವರೆಗೆ. ಮುಂದಿನ ಸಲ ಬಿ ಫಾರಂ ಹಿಡಿದು ಗಲ್ಲಿಗೆ ಬರುವವರನ್ನು ಮತದಾರರು ಕೇಳಬೇಕಾದ ಮಾತುಗಳು ಹೆಚ್ಚಿಲ್ಲ. ವಾರ್ಡ್ ಸಮಿತಿಗೆ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ವಾರ್ಡಿನಲ್ಲಿ ಅದನ್ನು ತಿಂಗಳಿಗೊಮ್ಮೆ ಕರೆಯುತ್ತೀರಾ? ಆಸ್ತಿ ತೆರಿಗೆ ಏರಿಸಿದರೆ ಅದರಲ್ಲಿ ನಮ್ಮ ಗಲ್ಲಿಗೆ ಎಷ್ಟು ಬಂತೆಂದು ಲೆಕ್ಕ ಕೊಡುತ್ತೀರಾ? ನಿಮ್ಮದೇ ಪಕ್ಷದ ಸರ್ಕಾರ ಚುನಾವಣೆಯನ್ನು ಮುಂದೂಡಿದರೆ ಅದರ ವಿರುದ್ಧ ನಿಲ್ಲುತ್ತೀರಾ? ಮಳೆಗಾಲಕ್ಕೆ ಮೊದಲು ಬಳ್ಳಾರಿ ನಾಲಾದ ಹೂಳು ತೆಗೆಸುವುದು ಯಾರ ಕೆಲಸ, ಅವರ ಹೆಸರು ಹೇಳುತ್ತೀರಾ?

ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬಹುದು, ಮರಾಠಿಯಲ್ಲಿ ಕೇಳಬಹುದು, ಉರ್ದುವಿನಲ್ಲಿ ಕೇಳಬಹುದು. ಜೂನ್‌ನಲ್ಲಿ ಮಳೆ ಹಿಡಿದಾಗ ನಾಲಾದ ನೀರು ವಡಗಾವಿಯ ಮೂರು ಮನೆಗೂ ಒಂದೇ ಸಲ ನುಗ್ಗುತ್ತದೆ.